ಮುಂದೆ ಹೇಳಿದವನ ದನಿ

ನಮ್ಮ ಕಡೆ ಭಜನೆಯಲ್ಲಿ ಪ್ರತಿ ಸಾಲನ್ನೂ ಎರಡು ಸಲ ಹಾಡುತ್ತಾರೆ. ಮುಂದೆ ಹೇಳುವವನು ಒಬ್ಬ. ಅವನು ಸಾಲು ಮುಗಿಸಿ ಕೊನೆಯ ಅಕ್ಷರ ಎಳೆಯುತ್ತಿರುವಾಗಲೇ ಹಿಂದೆ ಹೇಳುವವರು ಅದೇ ಸಾಲನ್ನು ಎತ್ತಿಕೊಳ್ಳಬೇಕು. ನಡುವೆ ಖಾಲಿ ಬೀಳಬಾರದು. ಹುಬ್ಬಳ್ಳಿ ಬೆಂಗೇರಿಯ ನಮ್ಮ ಮೇಳದಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪೇಟಿ ಬಾರಿಸುತ್ತ ಹಿಂದೆ ಹೇಳಿದವನು. ನೀವು ಹಾರ್ಮೋನಿಯಂ ಅನ್ನುವುದಕ್ಕೆ ನಾವು ಪೇಟಿ ಅನ್ನುತ್ತೇವೆ. ಮುಂದೆ ಹೇಳುತ್ತಿದ್ದವನು ನನ್ನ ಗೆಳೆಯ. ಅವನಿಗೆ ನಾನು ಮಾಡಿದ ತಪ್ಪನ್ನು ಬರೆಯಲು ಕುಳಿತಿದ್ದೇನೆ. ಅವನೆದುರು ಮತ್ತು ಅವನ ಹೆಂಡತಿಯೆದುರು ಒಪ್ಪಿಕೊಂಡಾಗಿದೆ. ಆದರೂ ಬಾಯಲ್ಲಿ ಹೇಳಿದಾಗ ಮನುಷ್ಯ ಒಂದಿಷ್ಟು ಬಿಟ್ಟು ಹೇಳುತ್ತಾನೆ. ಇಲ್ಲಿ ಬಿಡುವುದಿಲ್ಲ.

ನಾನು ಓದಿದ್ದು ಹೈಸ್ಕೂಲಿನವರೆಗೆ. ನಾವಿಬ್ಬರೂ ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದೇ ಕಾರ್ಖಾನೆಯಲ್ಲಿದ್ದೆವು. ಅವನು ಲೇತ್ ಮೇಲೆ, ನಾನು ಸ್ಟೋರಿನಲ್ಲಿ. ಬೆಳಿಗ್ಗೆ ಕಂಪನಿಯ ಬಸ್ಸು ಹತ್ತಿದರೆ ಧಾರವಾಡ ದಾಟುವವರೆಗೂ ಅವನು ಯಾವುದೋ ಪದ ಗುನುಗುತ್ತಿದ್ದ, ನಾನು ಹಿಂದಿನಿಂದ ಎತ್ತುತ್ತಿದ್ದೆ. “ಏ, ಆ ಎರಡೂ ರೇಡಿಯೋ ಬಂದ್ ಮಾಡ್ರೋ, ರಾತ್ರಿ ಪಾಳಿ ಮುಗಿಸಿ ಬಂದಂಗ ನಿದ್ದಿ ಬರಾಕತ್ತೇತಿ” ಎಂದು ಹಿಂದಿನ ಸೀಟಿನವರು ಕಾಡುತ್ತಿದ್ದರು. ಅವನು ನಿಲ್ಲಿಸುತ್ತಿರಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಹಾಡುತ್ತಿದ್ದ.

ಅವನ ದನಿ ದಪ್ಪ, ಸ್ವಲ್ಪ ಒರಟು. ಕೇಳಿದವರ ಎದೆಗೆ ಬಂದು ಕೂಡುವಂಥದ್ದು. ನನ್ನದು ತಿಳಿಯಾದ, ಎತ್ತರದ ದನಿ. ಶ್ರುತಿ ತಪ್ಪುತ್ತಿರಲಿಲ್ಲ. ತಪ್ಪುವುದಿದ್ದರೆ ಅವನೇ ತಪ್ಪುತ್ತಿದ್ದ. ಆದರೂ ಭಜನೆ ಮುಗಿದ ಮೇಲೆ ಮಂದಿ ಅವನ ಕೈ ಹಿಡಿದು “ಏನ್ ಹಾಡ್ತಿಯೋ ಮಾರಾಯ” ಎನ್ನುವರು. ನನ್ನ ಕಡೆ ತಿರುಗಿ “ಪೇಟಿ ಛಲೋ ಬಾರಸ್ತೀರಿ ನೀವು” ಎನ್ನುವರು. ಆ ಮಾತು ನನಗೆ ಎಷ್ಟು ನಾಟುತ್ತಿತ್ತೆಂದು ಯಾರಿಗೂ ತೋರಗೊಟ್ಟವನಲ್ಲ.

ತೊಂಬತ್ತರ ದಶಕದ ಒಂದು ಶ್ರಾವಣ ಸೋಮವಾರ ನಾನು ಹೊಸ ಟೇಪ್ ರೆಕಾರ್ಡರ್ ತಂದೆ. ಅವನ ಬಳಿ ಒಂದು ಪದವಿತ್ತು. ಅವನ ಸೋದರಮಾವನಿಂದ ಬಂದದ್ದು. ಅದನ್ನು ಕಟ್ಟಿದವರು ಯಾರೋ ಗೊತ್ತಿಲ್ಲ, ಬೇರೆ ಮೇಳದವರು ಹಾಡಿದ್ದನ್ನು ನಾವು ಕೇಳಿರಲಿಲ್ಲ. ಹದಿನಾಲ್ಕು ಸಾಲು, ಎಲ್ಲ ಸಾಲುಗಳೂ ‘ಗುರುವೇ’ ಎಂದು ಮುಗಿಯುವವು. ಅದಕ್ಕೆ ಹಿಂದೆ ಹೇಳುತ್ತಿದ್ದವನು ನಾನೊಬ್ಬನೇ. ಆ ಪದವನ್ನು ಅಂದು ತುಂಬಿಕೊಂಡೆ. ಯಂತ್ರವನ್ನು ನನ್ನ ಮೊಣಕಾಲಿನ ಪಕ್ಕ ಇಟ್ಟುಕೊಂಡಿದ್ದೆ. ಅವನು ಎದುರುಗಡೆ, ಐದಾರು ಮೊಳ ಆಚೆ ಕುಳಿತಿದ್ದ. ಗುಂಡಿ ಒತ್ತಲು ಕೈಗೆ ಹತ್ತಿರ ಇರಬೇಕಲ್ಲ ಎಂದು ಎಲ್ಲರಿಗೂ ಹೇಳಿದೆ. ಯಂತ್ರವನ್ನು ನಡುವೆ ಇಟ್ಟು ಗುಂಡಿ ಒತ್ತಿ ಬಂದು ಕೂಡಬಹುದಿತ್ತು. ಅದು ನನಗೆ ಆಗಲೂ ಗೊತ್ತಿತ್ತು.

ಕ್ಯಾಸೆಟ್ಟು ಟ್ರಂಕು ಸೇರಿತು. ವರ್ಷಗಳು ಹೋದವು. ಇಬ್ಬರೂ ನಿವೃತ್ತರಾದೆವು. ಅದರ ಮರುವರ್ಷ ಅವನ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕುತ್ತಿಗೆಯ ತೂತಿಗೆ ಒಂದು ತೆಳು ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಮಕ್ಕಳ ಪಾಟಿ, ಅಂದರೆ ಸ್ಲೇಟು, ಹಿಡಿದುಕೊಂಡು ಓಡಾಡತೊಡಗಿದ. ಬೇಕಾದ್ದನ್ನು ಪಾಟಿಯ ಮೇಲೆ ಬರೆಯುತ್ತಿದ್ದ. ಅವನ ಹೆಂಡತಿ ಅದನ್ನು ಓದಿ, ತನ್ನದೂ ನಾಲ್ಕು ಮಾತು ಸೇರಿಸಿ, ನಮಗೆ ಹೇಳುತ್ತಿದ್ದಳು. “ಚಾ ಬೇಕಂತ. ನನಗೂ ಬೇಕಾಗಿತ್ತು, ನನ್ನ ಯಾರ ಕೇಳ್ತಾರ?” ಹೀಗೆ. ಸೋಮವಾರದ ಭಜನೆ ನಿಂತುಹೋಯಿತು. ಮುಂದೆ ಹೇಳುವವನೇ ಇಲ್ಲವಾದಾಗ ಹಿಂದೆ ಏನು ಹೇಳುವುದು?

ಆ ದಿನಗಳಲ್ಲಿ ಭವಿಷ್ಯನಿಧಿಯ ಒಂದು ಅರ್ಜಿ ತುಂಬಿಸಲು ಧಾರವಾಡದ ಒಂದು ಇಂಟರ್ನೆಟ್ ಸೆಂಟರಿಗೆ ಹೋದೆ. ಅದು ಕಾಲೇಜುಗಳ ಓಣಿ, ಓದುವ ಹುಡುಗ ಹುಡುಗಿಯರ ಗದ್ದಲ. ಸೆಂಟರ್ ನಡೆಸುತ್ತಿದ್ದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಭವಿಷ್ಯನಿಧಿಯವರ ಸೈಟು ತೆರೆಯುತ್ತಿರಲಿಲ್ಲ. “ಕಾಕಾ, ಸುಮ್ನ ಕುಂತು ಏನ್ಮಾಡ್ತೀರಿ, ಹಾಡು ಕೇಳ್ರಿ” ಎಂದು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು.

ಅದೊಂದು ಹಾಡುಗಳ ಜಾಲತಾಣ. ಯಾರು ಬೇಕಾದರೂ ತಾವು ಹಾಡಿದ್ದನ್ನು, ಬಾರಿಸಿದ್ದನ್ನು ಅಲ್ಲಿ ಹಾಕಬಹುದು. ಯಾವ ಊರಲ್ಲಿ ಕುಳಿತವರಾದರೂ ಕೇಳಬಹುದು, ಕೆಳಗೆ ಎರಡು ಮಾತು ಬರೆಯಬಹುದು. ಒಂದು ಹಾಡು ಮುಗಿದರೆ, ಇದು ಸೇರಿದವರಿಗೆ ಇವೂ ಸೇರಿವೆ ಎಂದು ಪಕ್ಕದಲ್ಲಿ ನಾಲ್ಕೈದು ತೋರಿಸುತ್ತಿತ್ತು. ಮೊದಲ ದಿನವೇ ಬೀದರ್ ಕಡೆಯ ಒಬ್ಬ ಮುದುಕಿ ಬೀಸುವಾಗ ಹಾಡುವ ಹಾಡು ಕೇಳಿದೆ. ಹಾಡಿನ ಹಿಂದೆ ಕಲ್ಲು ತಿರುಗುವ ಸಪ್ಪಳವೂ ಇತ್ತು. ಅದರ ಪಕ್ಕ ಸೊಲ್ಲಾಪುರದ ಒಂದು ಭಜನಾ ಮೇಳ, ಅದರ ಪಕ್ಕ ಯಾವುದೋ ದೇಶದ ಒಬ್ಬ ನಮ್ಮ ಪೇಟಿಯಂಥದ್ದನ್ನೇ ತೊಡೆಯ ಮೇಲಿಟ್ಟುಕೊಂಡು ಬಾರಿಸಿದ್ದು. ಅರ್ಜಿ ಮರೆತೇಹೋಯಿತು. “ಕಾಕಾ, ನಿಮ್ಮ ಸೈಟು ತೆರದು ಅರ್ಧಾ ತಾಸಾತು!” ಎಂದು ಅವಳು ಹೆಡ್‌ಫೋನ್ ಕಿತ್ತಳು.

ಆಮೇಲೆ ವಾರಕ್ಕೆರಡು ಸಲ ಧಾರವಾಡದ ಬಸ್ಸು ಹತ್ತತೊಡಗಿದೆ. ಬೆಂಗೇರಿಯಲ್ಲೂ ಇಂಟರ್ನೆಟ್ ಸೆಂಟರ್ ಬಂದಿತ್ತು. ಅಲ್ಲಿಗೆ ಹೋದರೆ ಗುರುತಿನವರು ಸಿಗುತ್ತಾರೆ. ಏನು ಮಾಡಬೇಕೆಂದು ನಾನಿನ್ನೂ ಯೋಚಿಸಿರಲಿಲ್ಲ, ಗುರುತಿನವರಿಗೆ ಕಾಣಬಾರದು ಎಂಬುದನ್ನು ಮಾತ್ರ ಆಗಲೇ ನಿರ್ಧರಿಸಿದ್ದೆ.

ಒಂದು ದಿನ ಟೇಪ್ ರೆಕಾರ್ಡರನ್ನೂ ಆ ಕ್ಯಾಸೆಟ್ಟನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಅವಳು ಯಂತ್ರಕ್ಕೊಂದು ವೈರು ಚುಚ್ಚಿ ಪದವನ್ನು ಕಂಪ್ಯೂಟರಿಗೆ ಇಳಿಸಿದಳು. ಪರದೆಯ ಮೇಲೆ ಹಾಡು ಗೆರೆಗಳಾಗಿ ಮೂಡಿತು. ಒಂದು ಸಣ್ಣ ದಿಬ್ಬ, ಪಕ್ಕದಲ್ಲಿ ಒಂದು ದೊಡ್ಡ ಗುಡ್ಡ, ಮತ್ತೆ ದಿಬ್ಬ, ಮತ್ತೆ ಗುಡ್ಡ.

“ಈ ಸಣ್ಣವು ಯಾವು ಕಾಕಾ?”

“ಅವು ಮುಂದ ಹೇಳಿದ್ದು.”

“ದೊಡ್ಡವು?”

“ನಾ ಹೇಳಿದ್ದು.”

ಅವಳು ಸ್ವಲ್ಪ ಕೇಳಿ ನೋಡಿದಳು. “ಎರಡೂ ಒಂದ ಸಾಲಲ್ಲೇನ್ರಿ? ಮೊದಲಿಂದು ದೂರ ಕೇಳಸ್ತೇತಿ, ನಿಮ್ಮದು ಲಖ್ಖ ಐತಿ, ಸ್ವಚ್ಛ ಕೇಳಸ್ತೇತಿ. ಗೊತ್ತಿಲ್ಲದವರು ಮಾಡಿದ್ದ ಮಾಡಾಕತ್ತಾರ ಅಂತಾರ. ಸಣ್ಣವು ತಗದ್ರ ಹಾಡು ಗಟ್ಟಿ ಆಕ್ಕೈತಿ. ತಗೀಲೇನ್ರಿ?”

ಅವಳಿಗೆ ನಮ್ಮ ಭಜನೆಯ ರೀತಿ ಗೊತ್ತಿರಲಿಲ್ಲ. ಅವಳದೇನೂ ತಪ್ಪಿಲ್ಲ. ನನಗೆ ಗೊತ್ತಿತ್ತು.

“ತಗಿ ಯವ್ವಾ” ಎಂದೆ.

ಒಂದೊಂದೇ ದಿಬ್ಬವನ್ನು ಅವಳು ಅಳಿಸುತ್ತ ಬಂದಳು. ಗುಡ್ಡಗಳು ಒಂದಕ್ಕೊಂದು ಕೂಡಿಕೊಂಡವು. ಕೊನೆಗೆ ಜಾಲತಾಣದಲ್ಲಿ ತುಂಬಬೇಕಾದ ಮಾಹಿತಿ ಬಂತು. ಹಾಡಿದವರ ಹೆಸರಿಗೆ ಒಂದೇ ಒಂದು ಜಾಗವಿತ್ತು. “ಯಾರ ಹೆಸರು ಕಾಕಾ?” ಎಂದು ಕೇಳಿದಳು. ನನ್ನ ಹೆಸರು ಹೇಳಿದೆ. ಹೇಳುವಾಗ ತಡವರಿಸಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

“ಪೂರ್ತಿದು ನಮ್ಮ ಕಂಪ್ಯೂಟರಿನ್ಯಾಗ ಉಳಿಯೂದಿಲ್ಲ, ವಾರಕ್ಕೊಮ್ಮೆ ಎಲ್ಲಾ ಅಳಸ್ತೀವಿ. ಕ್ಯಾಸೆಟ್ ಜ್ವಾಕಿ” ಎಂದು ಹೊರಡುವಾಗ ಎಚ್ಚರಿಸಿದಳು.

ಮುಂದಿನ ವಾರ ಹೋದಾಗ ಕೆಳಗೆ ಮಾತುಗಳು ಬಂದಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಅವಳೇ ಓದಿ ಹೇಳುತ್ತಿದ್ದಳು. ಎಂಥ ದನಿ, ಇವರು ಯಾವ ಊರಿನವರು ಎಂದು ಒಬ್ಬರು. ನಮ್ಮ ಅಜ್ಜಿಗೆ ಕೇಳಿಸಿದೆ, ಕಣ್ಣೀರು ಹಾಕಿದಳು ಎಂದು ಇನ್ನೊಬ್ಬರು. ಇನ್ನೂ ಹಾಕಿರಿ ಎಂದು ಹಲವರು. ಅರವತ್ತು ದಾಟಿದ ಮೇಲೆ ಮೊದಲ ಸಲ ಯಾರೋ ನನ್ನ ಪೇಟಿಯನ್ನು ಬಿಟ್ಟು ದನಿಯನ್ನು ಹೊಗಳಿದ್ದರು. ಬಸ್ಸಿನಲ್ಲಿ ಉಣಕಲ್ ಕೆರೆ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ನಗುತ್ತಲೇ ಇದ್ದೆ.

ಇನ್ನೂ ಹಾಕಬೇಕಲ್ಲ. ಮನೆಯಲ್ಲಿ ಒಬ್ಬನೇ ಕುಳಿತು ಬೇರೆ ಪದ ತುಂಬಿಸಲು ನೋಡಿದೆ. ಖಾಲಿ ಕ್ಯಾಸೆಟ್ಟು ಹುಬ್ಬಳ್ಳಿಯ ಅಂಗಡಿಗಳಲ್ಲಿ ಆಗ ಸಿಗುವುದು ಕಡಿಮೆಯಾಗಿತ್ತು. ಹುಡುಕಿದರೆ ಸಿಗುತ್ತಿತ್ತು, ನಾನು ಹುಡುಕಲಿಲ್ಲ. ಯಂತ್ರದಲ್ಲಿ ಆ ಕ್ಯಾಸೆಟ್ಟೇ ಇತ್ತು. ಆ ಪದ ಹೇಗೂ ಇಂಟರ್ನೆಟ್ಟಿನಲ್ಲಿದೆ ಎಂದುಕೊಂಡು ಅದರ ಮೇಲೆಯೇ ಹಾಡಿದೆ. ಅಲ್ಲಿ ಇರುವುದು ನನ್ನ ಅರ್ಧ ಮಾತ್ರ ಎಂಬುದು ನೆನಪಾಗಲೇ ಇಲ್ಲ. ಅಷ್ಟರಲ್ಲಿ ನನ್ನ ಪಾಲಿಗೆ ಅದೇ ಪೂರ್ತಿಯಾಗಿಬಿಟ್ಟಿತ್ತು.

ಆ ಹೊಸ ಹಾಡುಗಳನ್ನು ಯಾರೂ ಹೆಚ್ಚು ಕೇಳಲಿಲ್ಲ. ಮೊದಲಿನದರಲ್ಲಿ ಏನೋ ಒಂದಿತ್ತು, ಇವುಗಳಲ್ಲಿ ಅದು ಇಲ್ಲ ಎಂದು ಒಬ್ಬರು ಬರೆದರು. ನನಗೆ ಸಿಟ್ಟು ಬಂತು. ಏನು ಇಲ್ಲ ಎಂಬುದು ನನಗೆ ಗೊತ್ತಿದ್ದುದಕ್ಕೇ ಬಂದ ಸಿಟ್ಟು ಅದು.

ಒಂದೆರಡು ತಿಂಗಳ ಮೇಲೆ ಗೆಳೆಯನ ಹೆಂಡತಿ ನಮ್ಮ ಮನೆಗೆ ಬಂದಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು, ನಾನು ತಂಗಿ ಎನ್ನುತ್ತಿದ್ದೆ. ಬಂದವಳು ಕೂಡಲಿಲ್ಲ.

“ಅಣ್ಣಾರ, ಆವತ್ತು ಶ್ರಾವಣದಾಗ ಒಂದು ಕ್ಯಾಸೆಟ್ ತುಂಬಿದ್ರೆಲ್ಲಾ, ಅದನ್ನ ಕೊಡ್ರಿ. ಎರಡು ದಿನ ಇಟ್ಕೊಂಡು ಕೊಡ್ತೇನಿ.”

“ಯಾಕ ತಂಗಿ?”

“ಯಾಕ ಅಂದ್ರ? ವರ್ಷದ ಮ್ಯಾಲಾತು, ಮನ್ಯಾಗ ನನ್ನ ಬೈಯೂವರ ಇಲ್ಲ. ಸಾರು ಉಪ್ಪಾದ್ರ ಪಾಟಿ ಮ್ಯಾಲ ‘ಉಪ್ಪು’ ಅಂತ ಬರದು ತೋರಸ್ತಾರ. ಅದೇನು ಬೈಗಳೇನ್ರಿ?” ಎಂದು ನಕ್ಕಳು. ಆಮೇಲೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, “ಅವರ ದನಿ ಹೆಂಗಿತ್ತು ಅನ್ನೂದು ಮರಿಯಾಕತ್ತೇನ್ರಿ ಅಣ್ಣಾರ. ನಿನ್ನೆ ಒಲಿ ಮುಂದ ಕುಂತು ನೆನಸಿದೆ, ಬರಲಿಲ್ಲ. ಅಂಜಿಕಿ ಆತು. ಆ ಕ್ಯಾಸೆಟ್ಟಿನ್ಯಾಗ ಬಿಟ್ರ ಬ್ಯಾರೆ ಎಲ್ಲೂ ಇಲ್ಲ” ಎಂದಳು.

ಟ್ರಂಕಿನಲ್ಲಿ ಹುಡುಕಿ ಕೊಡುತ್ತೇನೆ ಎಂದೆ. ಮುಂದಿನ ವಾರ, ಯಾರೋ ಒಯ್ದಿದ್ದಾರೆ ಎಂದೆ. ಅದರ ಮುಂದಿನ ವಾರ, ಟೇಪು ಸಿಕ್ಕಿಹಾಕಿಕೊಂಡಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಪ್ರತಿ ಸಲವೂ ಅವಳು “ಪಾಪ, ನಿಮಗ ತ್ರಾಸ ಕೊಡಾಕತ್ತೇನಿ” ಎನ್ನುತ್ತಿದ್ದಳು.

ಕೊನೆಗೆ ಒಂದು ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಬಾಗಿಲಿಗೆ ಬಂದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಧಾರವಾಡದಲ್ಲಿ ಓದುತ್ತಿದ್ದ ಅವಳ ತಂಗಿಯ ಮಗಳು ನಮ್ಮ ಪದವನ್ನು ಜಾಲತಾಣದಲ್ಲಿ ಕಂಡಿದ್ದಳಂತೆ.

“ನಿಮ್ಮ ಹೆಸರು ಐತೆಂತ ಅಣ್ಣಾರ. ಅಂದಮ್ಯಾಲ ಇವರ ದನಿನೂ ಇರಬೇಕಲ್ಲ? ಕ್ಯಾಸೆಟ್ ಹ್ವಾದ್ರ ಹೋಗ್ಲಿ. ನಡೀರಿ, ಅಲ್ಲೇ ಕೇಳೂಣು.”

ಅವನು ಪಾಟಿ ಎತ್ತಿ ತೋರಿಸಿದ. ‘ಕಳ್ಳಾ, ನಮಗ ಹೇಳಲಿಲ್ಲ’ ಎಂದು ಬರೆದಿದ್ದ. ಮುಖದಲ್ಲಿ ನಗುವಿತ್ತು.

ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಹೇಳಬೇಕು ಎಂದು ನವನಗರದಲ್ಲಿ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಿರುಗಿ, ತನಗೆ ಕಿವಿಯಲ್ಲಿ ಹಾಕಿಕೊಳ್ಳುವುದು ಗೊತ್ತಿಲ್ಲ, ನೀವೇ ಹಾಕಿಕೊಡಬೇಕು ಎಂದಳು. ಬಾಯಿ ಮುಚ್ಚಿದೆ.

ಸೆಂಟರಿನವಳು ನಮ್ಮನ್ನು ಕಂಡು ಎದ್ದು ನಿಂತಳು. “ಬರ್ರಿ ಬರ್ರಿ. ಕಾಕಾ ಅವರು ಈಗ ದೊಡ್ಡ ಹಾಡುಗಾರ ಆಗ್ಯಾರ, ಗೊತ್ತೇನ್ರಿ ನಿಮಗ? ಒಬ್ಬರೇ ಹಾಡ್ಯಾರ, ಎಷ್ಟು ಮಂದಿ ಕೇಳ್ಯಾರ!”

“ಒಬ್ಬರೇ?” ಎಂದಳು ಗೆಳೆಯನ ಹೆಂಡತಿ.

ಆಗ ಹೇಳಿದೆ. ನಿಂತಲ್ಲೇ, ಸುತ್ತ ಓದುವ ಹುಡುಗರು ಕುಳಿತಿರುವಾಗಲೇ. ಅವನ ಸಾಲುಗಳನ್ನು ತೆಗೆಸಿದ್ದು, ನನ್ನ ಹೆಸರು ಬರೆಸಿದ್ದು, ಕ್ಯಾಸೆಟ್ಟಿನ ಮೇಲೆ ಹಾಡಿದ್ದು, ರಿಪೇರಿ ಎಂದದ್ದು ಸುಳ್ಳು ಎಂಬುದು. ಹೇಳುತ್ತ ಹೇಳುತ್ತ ನನ್ನ ದನಿ ಕೀಚಲಾಯಿತು. ಸೆಂಟರಿನವಳು ಬಾಯಿಗೆ ಕೈ ಹಚ್ಚಿಕೊಂಡಳು. ಗೆಳೆಯನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ಅವನು ಕೈ ಎತ್ತಿ ನನ್ನನ್ನು ತಡೆದ. ಕುರ್ಚಿ ಎಳೆದುಕೊಂಡು ಕುಳಿತ. ಹಾಕು ಎಂದು ಪರದೆಯ ಕಡೆ ಬೆರಳು ಮಾಡಿದ.

ಒಂದೇ ಹೆಡ್‌ಫೋನ್ ಇತ್ತು. ಒಂದು ಕಿವಿ ಅವನಿಗೆ, ಒಂದು ಕಿವಿ ಅವಳಿಗೆ ಹಿಡಿದುಕೊಂಡು, ತಲೆಗೆ ತಲೆ ತಾಗಿಸಿ ಕೇಳಿದರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಬೆರಳು ಮೇಜಿಗೆ ಒಮ್ಮೆ ಬಡಿಯಿತು. ತುಸು ಬಿಟ್ಟು ಮತ್ತೊಮ್ಮೆ. ತಾಳ ಹಾಕುತ್ತಿದ್ದಾನೆ ಎಂದುಕೊಂಡೆ. ತಾಳವಾಗಿರಲಿಲ್ಲ. ಅವಳು ಹುಬ್ಬು ಗಂಟಿಕ್ಕಿ ಅವನ ಬೆರಳನ್ನೇ ನೋಡುತ್ತಿದ್ದಳು. ಐದನೆಯದಕ್ಕೋ ಆರನೆಯದಕ್ಕೋ ಅವಳಿಗೆ ಹೊಳೆಯಿತು.

“ಹೌದಲ್ರೀ!” ಎಂದಳು. “ಅಣ್ಣಾರ, ಇಲ್ಲಿ ಅದಾರ!”

ನಾನು ಬಗ್ಗಿ ಕಿವಿಗೊಟ್ಟೆ. ನನ್ನ ಸಾಲಿನ ಮೊದಲ ಅಕ್ಷರದ ಕೆಳಗೆ, ಅವನು ಎಳೆದು ಬಿಡುತ್ತಿದ್ದ ‘ಗುರುವೇ’ಯ ಕೊನೆಯ ಚೂರು ಉಳಿದಿತ್ತು. ನಾನು ಎತ್ತಿಕೊಳ್ಳುವಾಗ ಅವನು ಇನ್ನೂ ಬಿಟ್ಟಿರಲಿಲ್ಲವಲ್ಲ. ಎರಡು ದನಿ ಒಂದರ ಮೇಲೊಂದು ಬಿದ್ದ ಕಡೆ ಕತ್ತರಿಸಲು ಬಂದಿರಲಿಲ್ಲ. ಪ್ರತಿ ಸಾಲಿಗೂ ಕಣ್ಣು ಮಿಟುಕಿಸುವಷ್ಟು ಹೊತ್ತು ಅವನು ಇದ್ದ, ಆಮೇಲೆ ನಾನೇ. ಅಷ್ಟೊಂದು ಸಲ ಕೇಳಿದ್ದೆ, ನನ್ನದನ್ನು ಬಿಟ್ಟು ಇನ್ನೊಂದು ದನಿ ನನಗೆ ಕೇಳಿಸಿರಲಿಲ್ಲ.

ಪದ ಮುಗಿಯಿತು. ಅವನು ಪಾಟಿ ತೆಗೆದುಕೊಂಡು ಬರೆದ: ‘ಏಳನೇ ಸಾಲಿಗೆ ಪೇಟಿ ತಪ್ಪಿದಿ ಮಗನ.’ ನನಗೆ ಅಳು ಬಂತು. ಅದನ್ನು ಒರೆಸಿ ಮತ್ತೆ ಬರೆದ: ‘ಉಳದದ್ದು?’

“ಇಲ್ಲ” ಎಂದೆ. “ಎಲ್ಲೂ ಇಲ್ಲ.”

ಅಂಗಿಯ ತೋಳಿನಿಂದ ಪಾಟಿ ಒರೆಸಿದ. ಅದನ್ನು ಬಗಲಿಗೆ ಇಟ್ಟುಕೊಂಡು ಬಾಗಿಲ ಕಡೆ ನಡೆದ.

ಮರುದಿನವೇ ನಾನು ಧಾರವಾಡಕ್ಕೆ ಹೋಗಿ, ಆ ಹಾಡು ತೆಗೆದುಬಿಡು ಎಂದು ಸೆಂಟರಿನವಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. “ಅವರ ದನಿ ಇರೂದು ಅದರಾಗ ಅಷ್ಟ ಅಲ್ಲೇನ್ರಿ? ನಿಮಗ ನಾಚಿಕಿ ಆದ್ರ ತಗಿಯೂದೇನ್ರಿ? ಅವರನ್ನ ಕೇಳ್ರಿ” ಎಂದಳು. ಅವರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಹಾಡಿದವರ ಹೆಸರನ್ನು ಅವನದಾಗಿ ಬದಲಿಸಿದೆ. ಕೆಳಗೆ, ಮುಂದೆ ಹೇಳಿದವನ ಸಾಲುಗಳನ್ನು ಹಿಂದೆ ಹೇಳಿದ ನಾನೇ ತೆಗೆಸಿದೆ, ತಪ್ಪಾಯಿತು ಎಂದು ಬರೆಸಿದೆ. ಪೂರ್ತಿಯದನ್ನು ಹಾಕಿರಿ ಎಂದು ಎಷ್ಟೋ ಜನ ಕೇಳಿದರು. ಒಬ್ಬರಂತೂ ಚೆನ್ನಾಗಿ ಬೈದಿದ್ದರು. ಅವಳು ಅದನ್ನು ಬಿಟ್ಟು ಓದಲು ನೋಡಿದಳು, ನಾನೇ ಓದಿಸಿ ಕೇಳಿದೆ.

ಒಂದೂವರೆ ತಿಂಗಳು ಗೆಳೆಯನ ಮನೆಯ ಕಡೆ ಹೋಗಲಿಲ್ಲ. ಆಮೇಲೆ ಅವನ ಹೆಂಡತಿಯೇ ಬಂದಳು. ಈ ಸಲವೂ ಕೂಡಲಿಲ್ಲ.

“ಮಾಫ್ ಮಾಡೇನಿ ಅಂತ ತಿಳಕೋಬ್ಯಾಡ್ರಿ. ಇವರು ಕರಿಯಾಕತ್ತಾರ. ಪೇಟಿ ತಗೊಂಡು ಬರಬೇಕಂತ.”

ಹೋದೆ. ಅವನು ಚಾಪೆ ಹಾಸಿ ತಾಳ ಹಿಡಿದು ಕುಳಿತಿದ್ದ. ಎದುರಿಗೆ ಅವಳು ಕುಳಿತಳು. ಅಷ್ಟೂ ವರ್ಷ ಅವಳು ನಮ್ಮ ಭಜನೆಯನ್ನು ಪಡಸಾಲೆಯ ಆಚೆಯಿಂದ ಕೇಳಿದವಳು, ನಡುವೆ ಬಂದು ಕುಳಿತವಳಲ್ಲ. ಆದರೆ ಅವನು ಸ್ನಾನ ಮಾಡುವಾಗ, ಚಪ್ಪಲಿ ಹುಡುಕುವಾಗ, ಮಗಳನ್ನು ತೊಟ್ಟಿಲಲ್ಲಿ ತೂಗುವಾಗ ಆ ಪದ ಹಾಡಿದ್ದನ್ನು ಕೇಳಿದವಳು ಅವಳೊಬ್ಬಳೇ. ಯಾವ ಸಾಲನ್ನು ಎಲ್ಲಿ ತಗ್ಗಿಸುತ್ತಿದ್ದ, ಎಲ್ಲಿ ಬೇಕೆಂತಲೇ ಒಂದಿಷ್ಟು ತಡೆಯುತ್ತಿದ್ದ ಎಂಬುದೆಲ್ಲ ಅವಳಿಗೆ ಬರುತ್ತಿತ್ತು. ಅವಳು ಮುಂದೆ ಹೇಳಿದಳು. ತಪ್ಪಿದ ಕಡೆ ಅವನು ಕೈಯಿಂದ ತಡೆದು, ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ. “ನೀವು ಹಿಂಗ ಹಾಡತಿದ್ರಿ! ನಿಮಗ ಮರ್ತೇತಿ, ನನಗಲ್ಲ” ಎಂದು ಅವಳು ಜಗಳಕ್ಕೇ ನಿಂತಳು. ಮೂರನೆಯ ಸಲಕ್ಕೆ ಪದ ಕೊನೆಯವರೆಗೆ ಹೋಯಿತು. ನಾನು ಮೊದಲೇ ಹುಬ್ಬಳ್ಳಿಯಲ್ಲಿ ಎರಡು ದಿನ ಹುಡುಕಿ ತಂದಿಟ್ಟಿದ್ದ ಖಾಲಿ ಕ್ಯಾಸೆಟ್ಟಿನಲ್ಲಿ ಅದನ್ನು ತುಂಬಿದೆವು.

ಯಂತ್ರ ಬಂದ್ ಮಾಡಿದ ಮೇಲೆ ನಾನು ಕೇಳಿದೆ, “ತಂಗಿ, ಇದನ್ನ ಹಾಕಿಸ್ಲೇನು? ಮಂದಿ ಪೂರ್ತಿದು ಕೇಳಾಕತ್ತಾರ.”

ಅವಳು ಗಂಡನ ಕಡೆ ನೋಡಿದಳು. ಅವನು ಬರೆಯಲಿಲ್ಲ, ನಿನಗೆ ಬಿಟ್ಟದ್ದು ಎಂಬಂತೆ ಹೆಗಲು ಕುಣಿಸಿದ.

“ಬ್ಯಾಡ್ರಿ ಅಣ್ಣಾರ. ಆ ಹಳೇದು ಅಲ್ಲೇ ಇರ್ಲಿ, ಅದರಾಗ ಅವರು ಹದಿನಾಲ್ಕು ಸಲ ಬರ್ತಾರ. ನನ್ನ ತಂಗಿ ಮಗಳು ಒಂದು ಸೀಡಿ ಮಾಡಿ ಕೊಟ್ಟಾಳ, ದಿನಾ ಹಚ್ಚತೇನಿ. ನಡುವ ನೀವು ಒದರತೀರಿ, ಸಹಿಸ್ಕೋತೇನಿ. ಇದು ಮಾತ್ರ ಮನ್ಯಾಗ ಇರ್ಲಿ.”

ಕ್ಯಾಸೆಟ್ಟನ್ನು ಯಂತ್ರದಿಂದ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ದೇವರ ಜಗುಲಿಯ ಮೇಲೆ ಇಡಲಿಲ್ಲ, ಅಡುಗೆಮನೆಗೆ ಒಯ್ದು ಚಹಾಪುಡಿಯ ಡಬ್ಬಿಯ ಹಿಂದೆ ಇಟ್ಟಳು. ಅದು ಈಗಲೂ ಅಲ್ಲೇ ಇದೆ. ಅದನ್ನು ನಾನು ಒಮ್ಮೆಯೂ ಕೇಳಿಲ್ಲ, ಕೇಳಿಸು ಎಂದು ಅವಳನ್ನು ಕೇಳಿಯೂ ಇಲ್ಲ.